ಬಿಳಿ ಮಚ್ಚೆಗಳಷ್ಟೇ ಬೆಂದ ಹಸು: ಮೇಲುಕೋಟೆ ತಪ್ಪಲಿನ ಒಂದು ಚರ್ಮರೋಗ ಪ್ರಕರಣ

2024ರ ಏಪ್ರಿಲ್‌ನಲ್ಲಿ ಪಾಂಡವಪುರ ತಾಲ್ಲೂಕಿನ, ಮೇಲುಕೋಟೆ ಬೆಟ್ಟದ ತಪ್ಪಲಿಗೆ ಸೇರಿದ ಹಳ್ಳಿಯೊಂದರಿಂದ ಹಸುವಿಗೆ ಚರ್ಮಗಂಟು ರೋಗ ತಗುಲಿದೆ ಎಂದು ಪಶುವೈದ್ಯರಾದ ನಮಗೆ ಕರೆ ಬಂದಿತು. ಹಸು ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯದು, ವಯಸ್ಸು ನಾಲ್ಕೂವರೆ ವರ್ಷ, ಎರಡನೇ ಸೂಲು, ಕರು ಹಾಕಿ ಮೂರು ತಿಂಗಳಾಗಿತ್ತು. ದಿನಕ್ಕೆ ಒಂಬತ್ತು ಲೀಟರ್ ಹಾಲು ಕೊಡುತ್ತಿದ್ದದ್ದು ನಾಲ್ಕು ದಿನಗಳಲ್ಲಿ ಎರಡು ಲೀಟರಿಗೆ ಇಳಿದಿತ್ತು. ಅಷ್ಟರೊಳಗೆ ಊರಿನಲ್ಲೇ ಸೂಜಿ ಹಾಕುವ ಒಬ್ಬರಿಂದ ಐವರ್ಮೆಕ್ಟಿನ್ ಎಂಬ ಹುಳುನಾಶಕದ ಚುಚ್ಚುಮದ್ದು ಬಿದ್ದಿತ್ತು, ಅರಿಸಿನ ಬೆರೆಸಿದ ಎಣ್ಣೆಯನ್ನು ಮೈಗೆ ಹಚ್ಚಲಾಗಿತ್ತು, ಹಸುವನ್ನು ಕೊಟ್ಟಿಗೆಯಿಂದ ಹೊರತಂದು ಬಯಲಿನಲ್ಲಿ ಒಂಟಿಯಾಗಿ ಕಟ್ಟಲಾಗಿತ್ತು. ಸೋಂಕು ಹರಡಬಾರದೆಂಬ ಕಾಳಜಿಯಿಂದ ಮಾಡಿದ ಈ ಕೊನೆಯ ಕೆಲಸವೇ ಹಸುವಿಗೆ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುತ್ತಿತ್ತು ಎಂಬುದು ಪರೀಕ್ಷೆ ಮುಗಿದ ಮೇಲೆ ತಿಳಿಯಿತು.

ಚರ್ಮಗಂಟು ರೋಗದ ಭಯಕ್ಕೆ ಕಾರಣವಿತ್ತು. 2019ರಲ್ಲಿ ಒಡಿಶಾದಲ್ಲಿ ಭಾರತದ ಮೊದಲ ಪ್ರಕರಣಗಳು ಕಂಡ ಈ ರೋಗ, 2022ರಲ್ಲಿ ದೇಶದ ಅನೇಕ ರಾಜ್ಯಗಳಲ್ಲಿ ಹಬ್ಬಿ, ಕರ್ನಾಟಕದಲ್ಲಿಯೂ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. ಅಂದಿನಿಂದ ದನದ ಚರ್ಮದ ಮೇಲೆ ಏನೇ ಎದ್ದರೂ ರೈತರ ಬಾಯಲ್ಲಿ ಮೊದಲು ಬರುವುದು ಅದರ ಹೆಸರೇ. ಆದರೆ ಆ ರೋಗದಲ್ಲಿ ಜ್ವರ ಜೋರಾಗಿರುತ್ತದೆ. ಎರಡರಿಂದ ಐದು ಸೆಂಟಿಮೀಟರ್ ಅಗಲದ, ದುಂಡಗಿನ, ಗಟ್ಟಿಯಾದ ಗಂಟುಗಳು ಮೈತುಂಬ ಏಳುತ್ತವೆ. ಭುಜದ ಮುಂದಿನ ದುಗ್ಧಗ್ರಂಥಿ ಕೈಗೆ ಎದ್ದು ಸಿಗುವಷ್ಟು ಊದಿಕೊಳ್ಳುತ್ತದೆ. ಈ ಹಸುವಿನ ಮೈಮೇಲೆ ಎಲ್ಲಿಯೂ ಗಂಟು ಸಿಗಲಿಲ್ಲ, ದುಗ್ಧಗ್ರಂಥಿಗಳು ಸಹಜ ಗಾತ್ರದಲ್ಲಿದ್ದವು, ಮೈಶಾಖ 102.2 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಬೇಸಿಗೆಯ ಬಿಸಿಲಲ್ಲಿ ನಿಂತಿದ್ದ ಹಸುವಿಗೆ ಇದನ್ನು ಜ್ವರ ಎನ್ನಲಾಗದು.

ಕಣ್ಣಿಗೆ ಮೊದಲು ಬಿದ್ದದ್ದು ಗಾಯಗಳಲ್ಲ, ಗಾಯಗಳ ಗಡಿ. ಕಪ್ಪು ಬಿಳುಪಿನ ಮೈಬಣ್ಣದ ಈ ಹಸುವಿನ ಬೆನ್ನಿನ ಮೇಲಿದ್ದ ದೊಡ್ಡ ಬಿಳಿ ಮಚ್ಚೆ ಪೂರ್ತಿ ದಪ್ಪಗಾಗಿ, ಒಣಗಿ, ಅಂಚುಗಳಲ್ಲಿ ಹಪ್ಪಳದಂತೆ ಮೇಲೆದ್ದಿತ್ತು. ಆ ಅಂಚನ್ನು ಬೆರಳಿನಿಂದ ಮೆಲ್ಲನೆ ಎತ್ತಿದಾಗ ಕೂದಲು ಸಮೇತ ಚರ್ಮದ ಪದರವೇ ಕಳಚಿ ಬಂದು, ಕೆಳಗೆ ತೇವವಾದ, ತಿಳಿಗೆಂಪಿನ ಹಸಿ ಮೈ ಕಾಣಿಸಿತು. ಅಲ್ಲಿಂದ ಎರಡು ಬೆರಳು ಆಚೆಗೆ ಕಪ್ಪು ಮಚ್ಚೆ ಶುರುವಾಗುತ್ತಿತ್ತು. ಅಲ್ಲಿನ ಚರ್ಮ ಮೃದುವಾಗಿಯೇ ಇತ್ತು, ಕೂದಲು ಹೊಳಪಾಗಿತ್ತು, ಹಿಡಿದು ಎಳೆದರೂ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಕೈಯಾಡಿಸಿದರೂ ಬಿಳಿ ಎಲ್ಲಿ ಮುಗಿದು ಕಪ್ಪು ಎಲ್ಲಿ ಆರಂಭವಾಯಿತೆಂದು ಹೇಳಬಹುದಾಗಿತ್ತು. ಹಸುವಿನ ಯಜಮಾನಿಯೂ ಇದನ್ನು ನಮಗಿಂತ ಮೊದಲೇ ಗಮನಿಸಿದ್ದರು. "ಕರೀ ತಾವ್ ಏನೂ ಆಗಿಲ್ಲ ಸಾ, ಬಿಳೀ ತಾವ್ ಮಾತ್ರ ಬೆಂದೋದಂಗಾಗೈತೆ" ಎಂದು ಅವರು ಹೇಳಿದ ಒಂದು ಮಾತಿನಲ್ಲಿ ರೋಗನಿದಾನದ ಅರ್ಧ ಭಾಗವಿತ್ತು. ಇಷ್ಟು ಸ್ಪಷ್ಟವಾದ ಮಾತನ್ನು ಮೊದಲು ಸೂಜಿ ಹಾಕಿದವರು ಕೇಳಿಸಿಕೊಂಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಹಾಗೆಂದು ಗಡಿಯೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರುವುದು ಸರಿಯಲ್ಲವಾದ್ದರಿಂದ ಮೈಯ ಪ್ರತಿಯೊಂದು ಭಾಗವನ್ನೂ ಕ್ರಮವಾಗಿ ನೋಡಲಾಯಿತು. ಹಣೆಯ ಬಿಳಿ ಪಟ್ಟೆ ಬಿರಿದಿತ್ತು. ಮೂತಿಯ ಬಣ್ಣವಿಲ್ಲದ ಭಾಗ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಕೆಚ್ಚಲಿನ ಬಲಗಡೆಯ ಎರಡು ಮೊಲೆತೊಟ್ಟುಗಳ ಹೊರಮೈ ಬೆಂದಿದ್ದು, ಅವೇ ತೊಟ್ಟುಗಳ ಒಳಮೈ ಚೆನ್ನಾಗಿತ್ತು. ಹೊಟ್ಟೆಯ ಅಡಿಭಾಗವೆಲ್ಲ ಬಿಳಿಯಾಗಿದ್ದರೂ ಅಲ್ಲಿ ಒಂದು ಗೀರೂ ಇರಲಿಲ್ಲ. ನಾಲಿಗೆಯನ್ನು ಹೊರಗೆಳೆದು ನೋಡಿದಾಗ ಮೇಲ್ಭಾಗ ಸರಿಯಾಗಿತ್ತು, ತುದಿಯ ಕೆಳಮೈಯಲ್ಲಿ ಹುಣ್ಣಿತ್ತು. ದನ ಮೂಗು ನೆಕ್ಕಿಕೊಳ್ಳುವಾಗ ಬೆಳಕಿಗೆ ಒಡ್ಡಿಕೊಳ್ಳುವುದು ನಾಲಿಗೆಯ ಆ ಕೆಳಮೈಯೇ. ಬಿಳಿಯಾಗಿರಬೇಕು, ಜೊತೆಗೆ ಬಿಸಿಲು ತಾಗುವ ಜಾಗವೂ ಆಗಿರಬೇಕು ಎಂಬ ಎರಡು ಷರತ್ತುಗಳು ಕೂಡಿದಲ್ಲಿ ಮಾತ್ರ ಗಾಯವಿತ್ತು. ಇಂಥ ಹಂಚಿಕೆ ರಕ್ತ ಹೀರುವ ಉಣ್ಣೆಯಿಂದಾಗಲಿ ಕಜ್ಜಿಹುಳುವಿನಿಂದಾಗಲಿ ಬರುವುದಿಲ್ಲ. ಇದು ಬೆಳಕಿನಿಂದಾದ ಚರ್ಮದಾಹ, ಅಂದರೆ ಫೋಟೋಸೆನ್ಸಿಟೈಸೇಶನ್ ಎಂಬ ಶಂಕೆ ಇಲ್ಲಿಗೆ ಬಲವಾಯಿತು.

ಶಂಕೆ ಬಲವಾದರೂ ಚರ್ಮದ ಮೂಲ ಪರೀಕ್ಷೆಗಳನ್ನು ಬಿಡಲಿಲ್ಲ. ಗಾಯದ ಅಂಚಿನಲ್ಲಿ, ಹಸಿ ಮೈಗೂ ಗಟ್ಟಿ ಚರ್ಮಕ್ಕೂ ನಡುವೆ, ಲಿಕ್ವಿಡ್ ಪ್ಯಾರಾಫಿನ್ ಸವರಿ, ರಕ್ತ ಜಿನುಗುವವರೆಗೆ ಬ್ಲೇಡಿನಿಂದ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲಾಯಿತು, ಕಜ್ಜಿಹುಳು ಇರಲಿಲ್ಲ. ಕಿತ್ತ ಕೂದಲನ್ನು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟು ನೋಡಿದಾಗ ಶಿಲೀಂಧ್ರದ ಬೀಜಕಣಗಳು ಕಾಣಲಿಲ್ಲ. (ದನಗಳ ಹುಳುಕಡ್ಡಿಗೆ ಸಾಮಾನ್ಯ ಕಾರಣವಾದ ಟ್ರೈಕೋಫೈಟಾನ್ ವೆರುಕೋಸಮ್ ವುಡ್ಸ್ ದೀಪದ ನೇರಳಾತೀತ ಬೆಳಕಿನಲ್ಲಿ ಹೊಳೆಯುವುದಿಲ್ಲ; ಬೆಕ್ಕುಗಳಲ್ಲಿ ಉಪಯೋಗಕ್ಕೆ ಬರುವ ಆ ದೀಪವನ್ನು ಹಸುವಿನ ಮೇಲೆ ಹಿಡಿದು, ಹೊಳೆಯಲಿಲ್ಲ ಎಂಬ ಕಾರಣಕ್ಕೆ ಶಿಲೀಂಧ್ರವಿಲ್ಲ ಎನ್ನುವುದು ತಪ್ಪು.) ಹಕ್ಕಳೆಯ ಅಡಿಯಿಂದ ತೆಗೆದ ಸ್ಮಿಯರ್‌ಗೆ ಜಿಯೆಮ್ಸಾ ಬಣ್ಣ ಹಾಕಿದಾಗ ಬಿಳಿ ರಕ್ತಕಣಗಳೂ ಕೆಲವು ಗುಂಡಾಣುಗಳೂ ಕಂಡವು, ಇವು ಬೆಂದ ಚರ್ಮದ ಮೇಲೆ ಆಮೇಲೆ ಬಂದು ಕುಳಿತವು. ಡರ್ಮಟೋಫೈಲಸ್ ರೋಗಾಣುವಿನ ಗುರುತಾದ, ರೈಲುಹಳಿಯ ರೀತಿ ಜೋಡಿಸಾಲಾಗಿ ನಿಂತ ಕಣಗಳು ಇರಲಿಲ್ಲ. ಆ ರೋಗ ಮಳೆಗಾಲದ್ದು, ಆಗ ಏಪ್ರಿಲ್ಲಿನ ಒಣ ಹವೆ. ಕಾಂಗ್ರೆಸ್ ಗಿಡದ ಸ್ಪರ್ಶದಿಂದಲೂ ದನಗಳ ಚರ್ಮ ಕೆರಳುವುದುಂಟು. ಆದರೆ ಅದು ಗಿಡ ತಾಗಿದ ಮೂತಿ, ಕಾಲು, ಹೊಟ್ಟೆಯ ಅಡಿಭಾಗಗಳನ್ನು ಹಿಡಿಯುತ್ತದೆಯೇ ಹೊರತು ಬೆನ್ನಿನ ಬಿಳಿ ಮಚ್ಚೆಯನ್ನು ಆರಿಸಿಕೊಂಡು ಸುಡುವುದಿಲ್ಲ.

ಬೆಳಕಿನಿಂದ ಚರ್ಮ ಬೇಯುವುದಕ್ಕೆ ಮೂರು ದಾರಿಗಳಿವೆ. ಬೆಳಕಿಗೆ ಕೆರಳುವ ವಸ್ತುವನ್ನು ಪ್ರಾಣಿ ನೇರವಾಗಿ ಮೇವಿನ ಅಥವಾ ಔಷಧದ ಮೂಲಕ ತಿಂದಿರಬಹುದು. ಹಿಂದೆ ಜಂತುನಾಶಕವಾಗಿ ಬಳಕೆಯಲ್ಲಿದ್ದ ಫೀನೋಥಯಜೀನ್ ಇದಕ್ಕೆ ಉದಾಹರಣೆ. ಹುಟ್ಟಿನಿಂದಲೇ ಬರುವ ಪೋರ್ಫೈರಿಯಾ ಎಂಬ ದೋಷವಿರಬಹುದು. ಆಗ ಹಲ್ಲುಗಳು ಕಂದುಗೆಂಪಾಗಿರುತ್ತವೆ, ಕರುವಾಗಿದ್ದಾಗಲೇ ಲಕ್ಷಣ ಕಾಣುತ್ತದೆ. ಈ ಹಸುವಿನ ಹಲ್ಲು ಬೆಳ್ಳಗಿದ್ದವು, ನಾಲ್ಕು ವರ್ಷದ ಬಿಸಿಲು ಅದನ್ನು ಏನೂ ಮಾಡಿರಲಿಲ್ಲ. ಉಳಿದದ್ದು ಮೂರನೆಯದು, ಜಾನುವಾರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವಂಥದು: ಯಕೃತ್ತು ಕೆಟ್ಟು ಚರ್ಮ ಬೇಯುವುದು. ಹಸಿರು ಮೇವಿನ ಪತ್ರಹರಿತ್ತನ್ನು ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಫೈಲೋಎರಿಥ್ರಿನ್ ಎಂಬ ವಸ್ತುವಾಗಿ ಒಡೆಯುತ್ತವೆ. ಅದು ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತದೆ, ಆರೋಗ್ಯವಂತ ಯಕೃತ್ತು ಅದನ್ನು ಪಿತ್ತದೊಡನೆ ಕರುಳಿಗೆ ಹೊರಹಾಕುತ್ತದೆ. ಪಿತ್ತದ ಹರಿವು ನಿಂತರೆ ಅದು ಮೈಯೆಲ್ಲ ಸುತ್ತಿ ಚರ್ಮದ ಕಿರುನಾಳಗಳಿಗೆ ಬಂದು, ಬಿಸಿಲು ಬಿದ್ದೊಡನೆ ಕೆರಳಿ, ಸುತ್ತಲಿನ ಜೀವಕೋಶಗಳನ್ನು ಕೊಲ್ಲುತ್ತದೆ. ಕಪ್ಪು ಚರ್ಮದ ಮೆಲನಿನ್ ಆ ಬೆಳಕನ್ನು ಮೇಲೆಯೇ ತಡೆಯುತ್ತದೆ. ಬಿಳಿ ಚರ್ಮಕ್ಕೆ ಆ ರಕ್ಷಣೆ ಇಲ್ಲ. ಈ ದಾರಿಯೇ ನಿಜವಾದರೆ ಚರ್ಮದ ಹೊರಗೂ ಅದರ ಕುರುಹು ಸಿಗಬೇಕಿತ್ತು.

ಕುರುಹು ಸಿಕ್ಕಿತು. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು, ಯೋನಿಯ ಒಳಪೊರೆಯೂ ಅದೇ ಬಣ್ಣಕ್ಕೆ ತಿರುಗಿತ್ತು. ಗಂಜಲ ಗಾಢ ಹಳದಿಯಾಗಿದ್ದು, ಶೀಶೆಯಲ್ಲಿ ಹಿಡಿದು ಕುಲುಕಿದಾಗ ಏಳುವ ನೊರೆಯೂ ಹಸಿರು ಹಳದಿಯಾಗಿತ್ತು. ಸಗಣಿ ಗಟ್ಟಿಯಾಗಿ, ಕಪ್ಪಗೆ, ಲೋಳೆ ಸುತ್ತಿಕೊಂಡು ಬರುತ್ತಿತ್ತು. ಎಡ ಪಕ್ಕೆಯ ಹಳ್ಳಕ್ಕೆ ಕಿವಿನಳಿಗೆ ಇಟ್ಟು ಕೇಳಿದಾಗ, ನಿಮಿಷಕ್ಕೆ ಒಂದೆರಡು ಬಾರಿಯಾದರೂ ಮಗುಚಬೇಕಾದ ಮೊದಲ ಹೊಟ್ಟೆ ಮೂರು ನಿಮಿಷಕ್ಕೆ ಒಮ್ಮೆ ದುರ್ಬಲವಾಗಿ ಅಲುಗುತ್ತಿತ್ತು.

ಕಾಮಾಲೆ ಕಂಡ ಮಿಶ್ರತಳಿ ಹಸುವಿನಲ್ಲಿ ನಮ್ಮ ಭಾಗದ ವೈದ್ಯರು ಮೊದಲು ನೆನೆಯಬೇಕಾದದ್ದು ಉಣ್ಣೆಯಿಂದ ಬರುವ ರಕ್ತದ ಪರೋಪಜೀವಿಗಳನ್ನು. ಥೈಲೀರಿಯಾ, ಬಬೀಸಿಯಾ, ಅನಾಪ್ಲಾಸ್ಮಾ ಮೂರೂ ಇಲ್ಲಿ ಇವೆ. ಅನಾಪ್ಲಾಸ್ಮಾ ರೋಗದಲ್ಲಂತೂ ಕಾಮಾಲೆಯೂ ಮಲಬದ್ಧತೆಯೂ ಒಟ್ಟಿಗೇ ಬರುವುದರಿಂದ ಮೋಸ ಹೋಗುವುದು ಸುಲಭ. ಆದರೆ ಅವುಗಳಲ್ಲಿ ಹಳದಿಯ ಜೊತೆಗೆ ಪೊರೆಗಳು ಬಿಳಿಚಿಕೊಂಡಿರುತ್ತವೆ, ಏಕೆಂದರೆ ಅಲ್ಲಿ ಒಡೆಯುತ್ತಿರುವುದು ರಕ್ತಕಣಗಳೇ. ಇಲ್ಲಿ ಹಳದಿಯ ಅಡಿಯಲ್ಲಿ ಕೆಂಪು ಉಳಿದಿತ್ತು. ಕಿವಿಯ ತುದಿಯಿಂದ ತೆಗೆದ ರಕ್ತದ ಸ್ಮಿಯರ್‌ನಲ್ಲಿ ಪರೋಪಜೀವಿಗಳಿರಲಿಲ್ಲ, ಕೆಂಪುಕಣಗಳ ಪ್ರಮಾಣ 33 ಪ್ರತಿಶತ ಇತ್ತು. ಮೈಸೂರಿನ ಪ್ರಯೋಗಾಲಯಕ್ಕೆ ಕಳುಹಿಸಿದ ರಕ್ತದಲ್ಲಿ ಪಿತ್ತದ ಹಳದಿ ವಸ್ತುವಾದ ಬಿಲಿರುಬಿನ್ ಒಟ್ಟು ಡೆಸಿಲೀಟರಿಗೆ 6.4 ಮಿಲಿಗ್ರಾಂ ಬಂದಿತು. ಆರೋಗ್ಯವಂತ ಹಸುವಿನಲ್ಲಿ ಅದು 1 ಮಿಲಿಗ್ರಾಂ ಮೀರುವುದಿಲ್ಲ. ಜಿ.ಜಿ.ಟಿ. ಮತ್ತು ಎ.ಎಸ್‌.ಟಿ. ಎಂಬ, ಯಕೃತ್ತಿನ ಹಾನಿ ತೋರಿಸುವ ಕಿಣ್ವಗಳು ಎರಡೂ ಬಹಳ ಏರಿದ್ದವು. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸಹಜ ಮಿತಿಯ ಮೇಲಂಚಿನಲ್ಲಿತ್ತು. ರಕ್ತ ಒಡೆದಿಲ್ಲ, ಪಿತ್ತ ಕಟ್ಟಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಪಿತ್ತ ಕಟ್ಟಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಪ್ರಯೋಗಾಲಯದಲ್ಲಿ ಸಿಗುವಂಥದಲ್ಲ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿರುವ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸಬಲ್ಲದಾದ್ದರಿಂದ ಹಿಂಡಿ, ಬೂಸಾ ಇಟ್ಟ ಚೀಲಗಳನ್ನು ತೆಗೆಸಿ ನೋಡಲಾಯಿತು. ಒಣಗಿ ಚೆನ್ನಾಗಿದ್ದವು, ಅದನ್ನೇ ತಿನ್ನುತ್ತಿದ್ದ ಮನೆಯ ಎಮ್ಮೆಯೂ ಇನ್ನೊಂದು ಹಸುವೂ ಆರಾಮವಾಗಿದ್ದವು. ಆಗ ಮೇಯಿಸುವ ಜಾಗದ ಬಗ್ಗೆ ಕೇಳಿದೆವು. "ಗದ್ದೇಲಿ ಹುಲ್ಲೆಲ್ಲೈತೆ ಸಾ, ಒಂದ್ ವಾರದಿಂದ ಬೆಟ್ಟದ ಕಡೀಕೇ ಹೊಡೀತಿದ್ವಿ" ಎಂದರು. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದ ವರ್ಷದ ಬೇಸಿಗೆ ಅದು. ಕಬ್ಬಿನ ಸೋಗೆಗೂ ಬೆಲೆ ಬಂದಿತ್ತು. ಬೆಟ್ಟದಂಚಿನಲ್ಲಿ ಆ ಹೊತ್ತಿಗೆ ಹಸಿರಾಗಿ ಉಳಿದಿದ್ದದ್ದು ಲಂಟಾನ ಎಂಬ ವಿಷಕಾರಿ ಪೊದೆಗಿಡ ಒಂದೇ. ಮನೆಯ ಮಗ ಹೋಗಿ ಮೊಬೈಲಿನಲ್ಲಿ ತೆಗೆದು ತಂದ ಚಿತ್ರಗಳಲ್ಲಿ, ಹಸುವಿನ ಬಾಯಿ ಎಟುಕುವ ಎತ್ತರಕ್ಕೆ ಲಂಟಾನದ ರೆಂಬೆಗಳು ಎಲೆ ಬೋಳಾಗಿದ್ದವು, ಅದರ ಮೇಲೆ ಎಲೆಯೂ ಹೂವೂ ಹಾಗೆಯೇ ಇದ್ದವು.

ಹಾಗಾದರೆ ಜೊತೆಯಲ್ಲೇ ಮೇದ ಉಳಿದೆರಡು ದನಗಳಿಗೆ ಏಕೆ ಏನೂ ಆಗಲಿಲ್ಲ? ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ನಿದಾನ ಅರ್ಧಕ್ಕೇ ನಿಂತಂತೆ. ಎಮ್ಮೆಯ ಕಪ್ಪು ಮೈ ಬೇಯದೆ ಇರಬಹುದು, ಆದರೆ ಯಕೃತ್ತು ಕೆಟ್ಟಿದ್ದರೆ ಕಣ್ಣು ಹಳದಿಯಾಗಬೇಕಿತ್ತು, ಮೇವು ಬಿಡಬೇಕಿತ್ತು; ಅದೊಂದೂ ಇರಲಿಲ್ಲ. ಅವೆರಡೂ ಅದೇ ತಪ್ಪಲಿನಲ್ಲಿ ಹುಟ್ಟಿ ಬೆಳೆದವು. ಈ ಹಸುವನ್ನು ಮಾತ್ರ ತಿಂಗಳ ಹಿಂದೆ ಶ್ರೀರಂಗಪಟ್ಟಣದ ಕಡೆಯ ನಾಲೆ ಬಯಲಿನ ಊರಿನಿಂದ ಕೊಂಡು ತಂದಿದ್ದರು. ನಾಲೆ ಬಯಲಿನಲ್ಲಿ ಕಟ್ಟಿ ಮೇಯಿಸಿ ಬೆಳೆದ ಹಸುವಿಗೆ ಈ ಗಿಡದ ಪರಿಚಯವಿರಲಿಲ್ಲ. ಲಂಟಾನ ವಿಷಕ್ಕೆ ತುತ್ತಾಗುವ ದನಗಳಲ್ಲಿ ಹೆಚ್ಚಿನವು ಹೀಗೆಯೇ ಹೊಸದಾಗಿ ಬಂದವು, ಇಲ್ಲವೇ ಹಸಿವಿನಿಂದ ಕಂಗೆಟ್ಟವು. ಹೊಟ್ಟೆ ತುಂಬ ಹುಲ್ಲಿದ್ದರೆ ಆ ವಾಸನೆಯ ಒರಟು ಎಲೆಗೆ ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ಎಲೆಯಲ್ಲಿರುವ ಲ್ಯಾಂಟಡೀನ್ ಎ ಮತ್ತು ಬಿ ಎಂಬ ಟ್ರೈಟರ್ಪೀನ್ ವಿಷಗಳು ಯಕೃತ್ತಿನ ಸೂಕ್ಷ್ಮ ಪಿತ್ತನಾಳಗಳನ್ನು ಕೆಡಿಸುತ್ತವೆ. ಯಕೃತ್ತು ಕೆಟ್ಟೊಡನೆ ಮೊದಲ ಹೊಟ್ಟೆಯ ಚಲನೆ ನಿಲ್ಲುತ್ತದೆ. ಚಲನೆ ನಿಂತಿದ್ದರಿಂದ ತಿಂದ ಎಲೆ ಅಲ್ಲೇ ಉಳಿದು, ದಿನಗಟ್ಟಲೆ ವಿಷ ಇಳಿಯುತ್ತಲೇ ಇರುತ್ತದೆ. ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸಿದರೆ ಸಾಕು ಎನ್ನಲಾಗದ್ದು ಇದೇ ಕಾರಣಕ್ಕೆ: ವಿಷದ ದಾಸ್ತಾನು ಹಸುವಿನ ಹೊಟ್ಟೆಯೊಳಗೇ ಇತ್ತು. ಎಷ್ಟೋ ದನಗಳು ಗಿಡ ಬಿಟ್ಟು ಎರಡು ವಾರ ಕಳೆದ ಮೇಲೆ ಸಾಯುವುದೂ ಇದರಿಂದಲೇ.

ಆದ್ದರಿಂದ ಮೊದಲ ಔಷಧ ಚರ್ಮಕ್ಕಲ್ಲ, ಹೊಟ್ಟೆಗೆ. ತೂಕ ಸುಮಾರು 400 ಕಿಲೋ ಎಂದು ಅಳೆದು, ಕಿಲೋ ತೂಕಕ್ಕೆ 5 ಗ್ರಾಂ ಲೆಕ್ಕದಲ್ಲಿ ವಿಷವನ್ನು ಹೀರಿಕೊಳ್ಳುವ ಆಕ್ಟಿವೇಟೆಡ್ ಚಾರ್ಕೋಲ್ (ಇದ್ದಿಲು) ಪುಡಿ 2 ಕಿಲೋವನ್ನು ಲವಣ ದ್ರಾವಣದಲ್ಲಿ ಕಲಸಿ ಹೊಟ್ಟೆ ಕೊಳವೆಯ ಮೂಲಕ ಇಳಿಸಲಾಯಿತು, ಮರುದಿನ ಮತ್ತೊಮ್ಮೆ. ಚಾರ್ಕೋಲ್ ದುಬಾರಿ, ಸಿಗದ ಕಡೆ ಬೆಂಟೋನೈಟ್ ಮಣ್ಣನ್ನು ಅಷ್ಟೇ ಪ್ರಮಾಣದಲ್ಲಿ ಕೊಡಬಹುದು, ಗುಣ ಕಾಣುವುದು ಕೆಲವು ದಿನ ತಡವಾಗುತ್ತದೆ. ಎರಡು ದಿನದೊಳಗೆ ಹೊಟ್ಟೆ ಅಲುಗದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿನದನ್ನೆಲ್ಲ ತೆಗೆದುಹಾಕುವುದೆಂದು ಮನೆಯವರಿಗೆ ಮೊದಲೇ ತಿಳಿಸಿದ್ದೆವು. ರಕ್ತನಾಳದ ಮೂಲಕ ಗ್ಲೂಕೋಸ್ ಮತ್ತು ಲವಣ ದ್ರಾವಣ, ಹಸಿ ಗಾಯಗಳ ಸೋಂಕಿಗೆ ಆಂಟಿಬಯೋಟಿಕ್, ನೋವಿಗೆ ಮೆಲೋಕ್ಸಿಕ್ಯಾಮ್ ಕೊಡಲಾಯಿತು. ಗಾಯದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು, ಸುತ್ತಲಿನ ಗಟ್ಟಿ ಚರ್ಮಕ್ಕೆ ನೊಣ ಕೂರದಂತೆ ಬೇವಿನ ಎಣ್ಣೆ ಹಚ್ಚಿಸಿದೆವು.

ಇವೆಲ್ಲಕ್ಕಿಂತ ಮುಂಚೆ, ಪರೀಕ್ಷೆ ನಡೆಯುತ್ತಿದ್ದಾಗಲೇ, ಹಸುವನ್ನು ಬಯಲಿನಿಂದ ಬಿಚ್ಚಿಸಿ ಕೊಟ್ಟಿಗೆಯ ಒಳಮೂಲೆಗೆ ಕಟ್ಟಿಸಲಾಗಿತ್ತು. ಫೈಲೋಎರಿಥ್ರಿನ್ ಕೆರಳುವುದು ಕಣ್ಣಿಗೆ ಕಾಣುವ ಬೆಳಕಿಗೇ ಆದ್ದರಿಂದ ಮರದ ಚದುರಿದ ನೆರಳು ಸಾಲದು. ಹಗಲು ಪೂರ್ತಿ ಒಳಗೆ, ಕತ್ತಲಾದ ಮೇಲೆ ಬೇಕಾದರೆ ಹೊರಗೆ ಎಂದು ನಿಗದಿ ಮಾಡಿದೆವು. ಹಸಿರು ಮೇವನ್ನು ಪೂರ್ತಿ ನಿಲ್ಲಿಸಿ ರಾಗಿ ಹುಲ್ಲು ಮಾತ್ರ ಹಾಕಲು ಹೇಳಿದಾಗ ಯಜಮಾನಿಗೆ ಸಂಕಟವಾಯಿತು. ಕಾಯಿಲೆಯ ದನಕ್ಕೆ ಎಲ್ಲಿಂದಲಾದರೂ ಎರಡು ಹಿಡಿ ಹಸಿ ಹುಲ್ಲು ತಂದು ತಿನ್ನಿಸುವುದು ನಮ್ಮ ಹಳ್ಳಿಗಳಲ್ಲಿ ಪ್ರೀತಿಯ ರೀತಿ. ಹಸಿರಿನಲ್ಲಿರುವ ಪತ್ರಹರಿತ್ತೇ ಚರ್ಮವನ್ನು ಸುಡುವ ವಸ್ತುವಾಗುತ್ತಿದೆ ಎಂದು ಅವರಿಗೆ ಸಾವಧಾನವಾಗಿ ವಿವರಿಸಿದ ಮೇಲೆ ಒಪ್ಪಿದರು, ಒಪ್ಪಿದ್ದನ್ನು ಕಟ್ಟುನಿಟ್ಟಾಗಿ ನಡೆಸಿದರು. ಔಷಧದ ಅಂಶ ಇಳಿಯುವವರೆಗೆ, ಮೊದಲು ಹಾಕಿದ್ದ ಐವರ್ಮೆಕ್ಟಿನ್ನಿನ ಅವಧಿಯನ್ನೂ ಸೇರಿಸಿ, ಹಾಲನ್ನು ಡೈರಿಗೆ ಹಾಕಬಾರದೆಂದು ತಿಳಿಸಿದ್ದೆವು. ಅದರಿಂದಾದ ನಷ್ಟವನ್ನೂ ಆ ಕುಟುಂಬ ತಾಳಿಕೊಂಡಿತು. ತುರಿಕೆ ಇದ್ದರೂ ಇಲ್ಲದಿದ್ದರೂ ಚರ್ಮಕ್ಕೆ ಐವರ್ಮೆಕ್ಟಿನ್ ಎಂಬ ರೂಢಿ ಹಾಲು ಕರೆಯುವ ಹಸುಗಳಲ್ಲಿ ಎಷ್ಟು ಅನ್ಯಾಯದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು.

ಎರಡನೆಯ ದಿನದ ಸಂಜೆಗೆ ಹೊಟ್ಟೆ ಅಲುಗಲಾರಂಭಿಸಿದ್ದರಿಂದ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ನೆರೆಮನೆಯ ಆರೋಗ್ಯವಂತ ಹಸುವಿನ ಹೊಟ್ಟೆಯಿಂದ ಕೊಳವೆಯಲ್ಲಿ ತೆಗೆದ ರಸವನ್ನು ಸೋಸಿ ಇದಕ್ಕೆ ಕುಡಿಸಿದ ಬಳಿಕ, ನಾಲ್ಕನೆಯ ದಿನ ಮೆಲುಕು ಹಾಕಿತು. ಹತ್ತನೆಯ ದಿನದ ರಕ್ತದಲ್ಲಿ ಬಿಲಿರುಬಿನ್ 1.7ಕ್ಕೆ ಇಳಿದಿತ್ತು. ಬೆನ್ನಿನ ಸತ್ತ ಚರ್ಮ ಮೂರನೆಯ ವಾರದಲ್ಲಿ ದೊಡ್ಡ ತುಂಡುಗಳಾಗಿ ಉದುರಿ, ಅಡಿಯಲ್ಲಿ ಹೊಸ ಚರ್ಮ ಅಂಚಿನಿಂದ ನಡುವಿಗೆ ಹಬ್ಬುತ್ತ ಬಂದಿತು. ಕೆಚ್ಚಲಿನ ಬಲಗಡೆ ಮಾತ್ರ ಅಷ್ಟು ಸುಖವಾಗಿ ಮುಗಿಯಲಿಲ್ಲ. ಬೆಂದ ತೊಟ್ಟುಗಳನ್ನು ಮುಟ್ಟಿದರೆ ಹಸು ಒದೆಯುತ್ತಿದ್ದುದರಿಂದ ಹಾಲು ಪೂರ್ತಿ ಕರೆಯಲಾಗದೆ, ಹಿಂದಿನ ತೊಟ್ಟಿಗೆ ಕೆಚ್ಚಲು ಬಾವು ಬಂದಿತು. ಬಾವು ವಾಸಿಯಾಯಿತು, ಆದರೆ ತೊಟ್ಟಿನ ತುದಿಯಲ್ಲಿ ಗಾಯ ಕಟ್ಟಿ ರಂಧ್ರ ಕಿರಿದಾಯಿತು.

ಆರು ವಾರ ಕಳೆದ ಮೇಲೆ ಆ ಮನೆಯಿಂದ ಮತ್ತೆ ಕರೆ ಬಂದಿತು. ಈ ಸಲ ಕಪ್ಪು ಮಚ್ಚೆಗಳ ಕೂದಲು ಹಿಡಿ ಹಿಡಿಯಾಗಿ ಉದುರುತ್ತಿದೆ, ರೋಗ ಕರಿಯ ಕಡೆಗೂ ಬಂದಿತು ಎಂಬ ಆತಂಕ. ನೋಡಿದರೆ ಚರ್ಮ ನಯವಾಗಿ, ತಣ್ಣಗೆ, ತುರಿಕೆಯಿಲ್ಲದೆ ಇತ್ತು. ಹಸು ಚೆನ್ನಾಗಿ ಮೇಯುತ್ತಿತ್ತು, ಕಣ್ಣು ಬೆಳ್ಳಗಿದ್ದವು. ಉದುರುತ್ತಿದ್ದ ಜಾಗದಿಂದ ಇಪ್ಪತ್ತು ಮೂವತ್ತು ಕೂದಲನ್ನು ಚಿಮ್ಮಟದಿಂದ ಕಿತ್ತು, ಗಾಜಿನ ಮೇಲೆ ಒಂದೇ ದಿಕ್ಕಿಗೆ ಜೋಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಹೆಚ್ಚಿನವುಗಳ ಬುಡ ಬಣ್ಣವಿಲ್ಲದೆ, ಒರಟಾಗಿ, ಈಟಿಯ ಮೊನೆಯ ಆಕಾರದಲ್ಲಿತ್ತು. ಅಂದರೆ ಬೆಳವಣಿಗೆ ಮುಗಿಸಿ ವಿಶ್ರಾಂತಿಯಲ್ಲಿದ್ದ ಕೂದಲು. ಕೂದಲ ತುದಿಗಳು ಮುರಿದಿರಲಿಲ್ಲವಾದ್ದರಿಂದ ಹಸು ಉಜ್ಜಿಕೊಂಡೋ ನೆಕ್ಕಿಕೊಂಡೋ ಕಿತ್ತುಹಾಕಿದ್ದಲ್ಲ. ಕಠಿಣ ಕಾಯಿಲೆಯ ಹೊಡೆತಕ್ಕೆ ಬಹಳಷ್ಟು ಕೂದಲು ಒಮ್ಮೆಗೇ ಬೆಳವಣಿಗೆ ನಿಲ್ಲಿಸಿ, ಒಂದರಿಂದ ಮೂರು ತಿಂಗಳ ನಂತರ, ಅಡಿಯಲ್ಲಿ ಹೊಸ ಕೂದಲು ಹುಟ್ಟುವಾಗ, ಒಟ್ಟಿಗೆ ಉದುರುವ ಸ್ಥಿತಿ ಇದು. ಬೋಳಾದ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಎಳೆಯ ಕೂದಲಿನ ಚೂಪು ತುದಿಗಳು ಆಗಲೇ ಮೇಲೆ ಬಂದಿದ್ದವು. ಔಷಧ ಕೊಡಲಿಲ್ಲ, ಖನಿಜ ಮಿಶ್ರಣವನ್ನು ಹಿಂಡಿಯೊಡನೆ ಮುಂದುವರಿಸಲು ಮಾತ್ರ ಹೇಳಲಾಯಿತು.

ಆಷಾಢ ಮುಗಿಯುವ ವೇಳೆಗೆ ಹಸುವಿನ ಮೈ ಮತ್ತೆ ತುಂಬಿಕೊಂಡಿತ್ತು. ಬೆನ್ನಿನ ನಡುವೆ ಅಂಗೈ ಅಗಲದ ಜಾಗದಲ್ಲಿ ಕೂದಲು ಬರಲಿಲ್ಲ. ಅಲ್ಲಿ ಬೇರುಗಳೇ ಸತ್ತಿದ್ದರಿಂದ ಮುಂದೆಯೂ ಬರುವ ಸಂಭವವಿಲ್ಲ, ಬಣ್ಣವಿಲ್ಲದ ಆ ಭಾಗಕ್ಕೆ ಬೇಸಿಗೆಯಲ್ಲಿ ನೆರಳು ಬೇಕೇ ಬೇಕು. ಹಿಂದಿನ ಬಲ ತೊಟ್ಟಿನ ಹಾಲು ನಿಂತುಹೋಗಿ, ಉಳಿದ ಮೂರರಿಂದ ದಿನಕ್ಕೆ ಆರು ಲೀಟರ್ ಸಿಗುತ್ತಿತ್ತು. ಹಸುವನ್ನು ಮಾರುವ ಯೋಚನೆಯನ್ನು ಬಿಟ್ಟು, ಮನೆಯ ಹಿಂದಿನ ಐದು ಗುಂಟೆಯಲ್ಲಿ ಮೇವಿನ ಜೋಳ ಬಿತ್ತಿ, ಕಟ್ಟಿಯೇ ಮೇಯಿಸಲು ಆ ಕುಟುಂಬ ನಿರ್ಧರಿಸಿತು.